ಮುಂಗಡದ ಆಮಿಷ ಮತ್ತು ನ್ಯಾಸಾಪಹಾರ

ಹಣವನ್ನು ಮೊದಲು ವ್ಯಯಿಸಿ ಹೊನ್ನನ್ನು ಅನಂತರ ಕಾಣುವ ಮಾತು ಕಾಮಸಮುದ್ರ, ಬಂಗಾರಪೇಟೆಗಳ ಆಸುಪಾಸಿನ ಜನರಿಗೆ ಹೊಸದಲ್ಲ. 1875ರಲ್ಲಿ ಲವೆಲ್ ಎಂಬಾತನು ಕೋಲಾರ ಸೀಮೆಯಲ್ಲಿ ಗಣಿ ತೋಡಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆ ಆ ಕಾರ್ಯವನ್ನು ಕೈಗೊಂಡಿತು. ಮೊದಲ ವರ್ಷಗಳಲ್ಲಿ ಷೇರುದಾರರ ಬಂಡವಾಳ ಬಹುಪಾಲು ಕರಗಿದ ಮೇಲೆಯೇ ಚಾಂಪಿಯನ್ ರೀಫ್ ಎಂಬ ಸಮೃದ್ಧ ಪದರ ದೊರೆಯಿತು. 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೂ ಗಣಿಗಳು ನಡೆದವು. ಇಲ್ಲಿ ಮುಂಗಡವೂ ಇತ್ತು, ನಷ್ಟದ ಭಯವೂ ಇತ್ತು. ಆದರೆ ಪರವಾನಗಿ ಬಹಿರಂಗವಾಗಿತ್ತು, ಲೆಕ್ಕವನ್ನು ಷೇರುದಾರರ ಮುಂದೆ ಇಡಬೇಕಾಗಿತ್ತು. ಆದ್ದರಿಂದ ಅದು ವ್ಯಾಪಾರದ ಸಾಹಸ.

ಮುಂಗಡದ ವಂಚನೆಗೂ ಅಷ್ಟೇ ದೀರ್ಘ ಚರಿತ್ರೆಯುಂಟು. ಸೆರೆಯಲ್ಲಿರುವ ಧನಿಕನನ್ನು ಬಿಡಿಸಲು ಹಣ ಕಳುಹಿಸಿದರೆ ಅವನ ನಿಧಿಯಲ್ಲಿ ಪಾಲು ದೊರೆಯುವುದೆಂಬ 'ಸ್ಪ್ಯಾನಿಷ್ ಕೈದಿ'ಯ ಪತ್ರಗಳು 19ನೆಯ ಶತಮಾನದಲ್ಲಿಯೇ ಯುರೋಪು, ಅಮೆರಿಕಗಳಲ್ಲಿ ಸಂಚರಿಸಿದವು. 1980ರ ದಶಕದಲ್ಲಿ ತೈಲದ ಬೆಲೆ ಕುಸಿದು ನೈಜೀರಿಯದಲ್ಲಿ ವಿದ್ಯಾವಂತರೂ ನಿರುದ್ಯೋಗಿಗಳಾದಾಗ ಇಂಥ ಪತ್ರಗಳು ಅಲ್ಲಿಂದ ಅಂಚೆಯಲ್ಲಿ, ಫ್ಯಾಕ್ಸಿನಲ್ಲಿ, ಅನಂತರ ಇ-ಮೇಲಿನಲ್ಲಿ ಹೊರಟವು. ಆ ದೇಶದ ದಂಡಸಂಹಿತೆಯ ಕಲಮಿನಿಂದಲೇ ಇವುಗಳಿಗೆ '419' ಎಂಬ ಹೆಸರು ಬಂದಿತು. ಪರದೇಶದವರು ನಮ್ಮನ್ನು ದೋಚಿದ್ದಾರೆ, ಮೋಸಹೋಗುವವನು ಲೋಭಿ, ಅವನಿಂದ ಕಿತ್ತುಕೊಂಡರೆ ದೋಷವಿಲ್ಲ ಎಂಬುದು ವಂಚಕರು ಹೇಳಿಕೊಂಡ ಸಮರ್ಥನೆ. ಆ ನಾಡಿನವರೆಲ್ಲರೂ ಇದನ್ನು ಒಪ್ಪಿದವರಲ್ಲ. 2006ರಲ್ಲಿ ಈ ವಂಚನೆಗೆಂದೇ ಅಲ್ಲಿ ಕಠಿಣ ಕಾನೂನು ಬಂದಿತು.

ಪತ್ರ ಪಡೆದವನ ಮನಸ್ಸನ್ನೂ ಪರಿಶೀಲಿಸಬೇಕು. 'ಠೇವಣಿದಾರ ಮೃತನಾಗಿದ್ದಾನೆ, ವಾರಸುದಾರರಿಲ್ಲ, ನೀವೇ ಬಂಧುವೆಂದು ಬರೆದುಕೊಡಿ, ಗುಟ್ಟಾಗಿರಲಿ' ಎಂಬುದು ಇಂಥ ಪತ್ರಗಳ ಸಾಮಾನ್ಯ ಧಾಟಿ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಎಣಿಸುತ್ತದೆ. ಸುಳ್ಳು ಪತ್ರ ಬರೆಯುವುದು ಮೊದಲನೆಯದು. ಇಟ್ಟ ಠೇವಣಿಯನ್ನು ಅಪಹರಿಸುವುದು ಎರಡನೆಯದು. ವಂಚಕನು ಮೊದಲನೆಯದನ್ನು ಮಾಡಿ, ಓದುಗನನ್ನು ಎರಡಕ್ಕೂ ಆಹ್ವಾನಿಸುತ್ತಾನೆ. 'ಅವನು ಲೋಭಿ' ಎಂಬ ಒಬ್ಬನ ಸಮಾಧಾನ, 'ಒಡೆಯನಿಲ್ಲ' ಎಂಬ ಮತ್ತೊಬ್ಬನ ಸಮಾಧಾನ: ಎರಡೂ ಒಂದೇ ಬೇರಿನ ಚಿಗುರುಗಳು. ಹಾಗೆಂದು ಮೋಸಹೋದವರನ್ನೆಲ್ಲ ಲೋಭಿಗಳೆಂದು ಹಳಿಯುವುದು ಅನ್ಯಾಯ. ಸಾಲದ, ಉದ್ಯೋಗದ ಆಸೆ ತೋರಿಸಿ ಶುಲ್ಕ ಕೇಳುವವರ ಬಲೆಗೆ ಬೀಳುವವರು ಕಷ್ಟದಲ್ಲಿರುವವರು. ಅವರಿಗೆ ನಿಂದೆಯ ಬದಲು ನೆರವು ಸಲ್ಲಬೇಕು.

ವರ್ತಕರಿಗೆ ತಿಳಿದ ಒಂದು ಪರೀಕ್ಷೆ ಸಾಕು: ಕೊಡಬೇಕಾದ ಹಣ ನಿಜವಾಗಿದ್ದರೆ ಶುಲ್ಕವನ್ನು ಅದರಲ್ಲಿಯೇ ಮುರಿದುಕೊಳ್ಳಬಹುದಲ್ಲವೇ? ರಿಸರ್ವ್ ಬ್ಯಾಂಕು ಖಾಸಗಿ ವ್ಯಕ್ತಿಗಳ ಖಾತೆ ಇಡುವುದಿಲ್ಲವೆಂದು ಸ್ವತಃ ಪ್ರಕಟಿಸಿದೆ. ವಿದೇಶದ ದಾನಿಯ ಹೆಸರಿನಲ್ಲಿ ಬಸದಿಗೆ ಪತ್ರ ಬಂದರೆ, 2010ರ ವಿದೇಶಿ ದೇಣಿಗೆ ಕಾಯಿದೆಯ ನಿಯಮವನ್ನು ನೆನೆದು, ಅದನ್ನು ಟ್ರಸ್ಟಿನ ಸಭೆಯಲ್ಲಿ ಎಲ್ಲರೆದುರು ಓದುವುದು ಲೇಸು. ಹಣ ಕೈಬಿಟ್ಟಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕು. ಗುಟ್ಟಿನಲ್ಲಿ ಬೆಳೆಯುವ ಮೋಸಕ್ಕೆ ನಾಲ್ವರೆದುರಿನ ಲೆಕ್ಕವೇ ಮದ್ದು.