ನೀರು ಕೇಳದ ಹೂಗಿಡ: ಶಿಗ್ಲಿಯ ಅಂಗಳದಿಂದ ತೊಗಲಿನ ಬಾನಿಯವರೆಗೆ

ಇವತ್ತು ಕೋಟೆ ಇಲ್ಲ, ರಾಜರಿಲ್ಲ, ಯುದ್ಧವೂ ಇಲ್ಲ. ಇವತ್ತಿನ ಇತಿಹಾಸ ಒಂದು ಪೊದೆಯದು. ನೀವು ಬಸ್ಸಿನಲ್ಲಿ ಕೂತು ಕೇಳ್ತಾ ಇದ್ರೆ ಕಿಟಕಿಯಿಂದ ಹೊರಗೆ ನೋಡಿ. ರಸ್ತೆ ಬದಿ ಹಳದಿ ಹೂ ಹೊತ್ತು ನಿಂತ ಗಿಡ ಕಂಡರೆ ಬಹುಶಃ ಅದೇ.

ನಮ್ಮೂರು ಶಿಗ್ಲಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕು. ಮಗ್ಗದ ಸದ್ದಿನ ಊರು. ನಾಲ್ಕು ವರ್ಷದ ಹಿಂದೆ ಮನೆಗೆ ಕಾಂಪೌಂಡ್ ಕಟ್ಟಿಸುವಾಗ ಮೂಲೆಯಲ್ಲೊಂದು ಹಳೇ ಪೊದೆ ಇತ್ತು. ಜೆಸಿಬಿಯವನು "ಇದನ್ನೂ ತೆಗಿಲೇನ್ರಿ?" ಅಂದ. "ತೆಗಿರಿ" ಅಂದವನು ನಾನೇ. ಆ ಜಾಗದಲ್ಲಿ ಗುಲಾಬಿ, ಇಂಗ್ಲಿಷ್ ಹೆಸರಿನ ಇನ್ನೂ ಮೂರು ನಾಲ್ಕು ಗಿಡ ತಂದು ಹಚ್ಚಿದೆ. ಮೊದಲ ವರ್ಷ ಚೆಂದ ಇತ್ತು. ಆಮೇಲೆ 2023 ಬಂತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ನಾನಿದ್ದದ್ದು ಬೆಂಗಳೂರಿನಲ್ಲಿ. ಫೋನ್ ಮಾಡಿ "ಅವ್ವಾ, ಗಿಡಕ್ಕೆ ನೀರು ಹಾಕಿದ್ಯಾ?" ಅಂತ ಕೇಳಿದೆ. "ಕೊಡ ಹೊತ್ತು ನಡ ಹೋಗ್ಯಾವ. ಕುಡಿಯಾಕ ಇಟ್ಕೊಳ್ಳೋದೋ, ನಿನ್ನ ಗುಲಾಬಿಗೆ ಹಾಕೋದೋ? ಇದ್ದದ್ದನ್ನ ಕಿತ್ತು ಒಗದಿ. ಅದು ಯಾವತ್ತರ ನೀರು ಕೇಳಿತ್ತಾ?" ಅಂದಳು ಅವ್ವ.

ಕೇಳಿರಲಿಲ್ಲ. ಆ ಗಿಡದ ಹೆಸರು ಆವರಿಕೆ. ನಮ್ಮ ಕಡೆ ಹೊನ್ನಂಬರಿ, ಹೊನ್ನಾವರಿಕೆ ಅಂತಾರೆ; ದಕ್ಷಿಣದ ಕಡೆ ತಂಗಡಿ. ಮರಾಠಿಯಲ್ಲಿ ತರವಡ, ತಮಿಳಿನಲ್ಲಿ ಆವಾರಂ. ತೆಲುಗಿನ ತಂಗೇಡು ಈಗ ತೆಲಂಗಾಣದ ರಾಜ್ಯಪುಷ್ಪ, ಅಲ್ಲಿ ಬತುಕಮ್ಮ ಹಬ್ಬ ಅದಿಲ್ಲದೆ ಆಗೋದಿಲ್ಲ. 1753ರಲ್ಲಿ ಲಿನೇಯಸ್ ಇದಕ್ಕೆ 'ಆರಿಕ್ಯುಲೇಟಾ' ಅಂತ ಹೆಸರಿಟ್ಟ. ಕಿವಿ ಇರೋದು ಅಂತ ಅರ್ಥ. ಎಲೆಯ ಬುಡದಲ್ಲಿ ಸಣ್ಣ ಕಿವಿಯಂಥ ಎಸಳು ಇರ್ತದೆ, ಗಿಡ ಗುರುತಿಸೋಕೆ ಅದೇ ಸುಲಭದ ದಾರಿ.

ದೀಪಾವಳಿ ಪಾಡ್ಯದ ದಿನ ನಮ್ಮ ಕಡೆ ಹಟ್ಟಿ ಹಬ್ಬ. ಸಗಣಿಯಲ್ಲಿ ಪಾಂಡವರನ್ನ, ಹಟ್ಟೆವ್ವನ್ನ ಮಾಡಿ, ಉತ್ರಾಣಿ ಕಡ್ಡಿ ಚುಚ್ಚಿ, ಈ ಹಳದಿ ಹೂ ಏರಿಸಿ ಹೊಸ್ತಿಲ ಹತ್ತಿರ ಕೂರಿಸ್ತಾರೆ. ಹೂವಿನ ಕಥೆ ನಮಗೆಲ್ಲ ಗೊತ್ತು. ತೊಗಟೆಯ ಕಥೆಯನ್ನು ನಾವು ಬೇಕಂತಲೇ ಮರೆತಂಗೆ ಕಾಣ್ತದೆ.

ಆವರಿಕೆಯ ತೊಗಟೆಯಲ್ಲಿ ಟ್ಯಾನಿನ್ ಹೇರಳ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ತೊಗಟೆ ಕುಟ್ಟಿ ಹಾಕಿದ ಬಾನಿಯಲ್ಲಿ ದಿನಗಟ್ಟಲೆ ಇಡ್ತಿದ್ರು. ಕೊಳೆಯಬೇಕಾದ ತೊಗಲು ಚರ್ಮ ಆಗ್ತಿತ್ತು. ಆವರಿಕೆಯಲ್ಲಿ ಹದ ಆದ ಚರ್ಮ ಬಿಸಿಲಿಗೆ ಕೆಂಪಾಗ್ತದೆ, ಅದಕ್ಕೆ ಕೊನೆಯಲ್ಲಿ ಅಳಲೆಕಾಯಿ ನೀರು ಕೊಡ್ತಿದ್ರು. ಇದು ಪಕ್ಕಾ ರಸಾಯನಶಾಸ್ತ್ರ. ಆದರೆ ಮಾಡಿದವರು ಸಮಗಾರರು, ಡೋಹರರು, ಮಾದಿಗರು. ಅವರ ಕೇರಿ ಊರ ಹೊರಗೆ. ಹನ್ನೆರಡನೇ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯ ಚರ್ಮ ಹದ ಮಾಡುವ ಕಾಯಕದವರು. ಸಮಗಾರ ಹರಳಯ್ಯ ಮೆಟ್ಟು ಹೊಲಿಯುವವರು. ಒಂದೇ ಗಿಡ ನೋಡ್ರಿ. ಹೂವು ಹೊಸ್ತಿಲ ಒಳಗೆ ಬಂತು, ತೊಗಟೆ ಮುಟ್ಟಿದ ಕೈಯನ್ನು ಮಾತ್ರ ಒಳಗೆ ಬಿಡಲಿಲ್ಲ.

ಈ ಚರ್ಮ ಸಮುದ್ರವನ್ನೂ ದಾಟಿತು. ದಕ್ಷಿಣ ಭಾರತದಲ್ಲಿ ಹದವಾಗಿ ಮದ್ರಾಸಿನಿಂದ ಹಡಗು ಹತ್ತುತ್ತಿದ್ದ ತೊಗಲಿಗೆ ಲಂಡನ್ನಿನಲ್ಲಿ 'ಈಸ್ಟ್ ಇಂಡಿಯಾ ಕಿಪ್ಸ್' ಅಂತ ಹೆಸರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಇದೇ ಚರ್ಮವನ್ನು ಸರ್ಕಾರವೇ ಕೊಂಡಿತು. ಆಮೇಲೆ ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ತೊಗಟೆ ಬಂತು, ಕ್ರೋಮ್ ಹದ ಬಂತು. ಆವರಿಕೆಯ ಬೇಡಿಕೆ ಬಿತ್ತು, ಗಿಡ ಬರೀ 'ಕಂಟಿ' ಆಯ್ತು.

ಇನ್ನೊಂದು ಕಡೆ ಬರ. 1791–92ರ ಡೋಗಿ ಬರ, ಅಂದ್ರೆ ತಲೆಬುರುಡೆಗಳ ಬರ, ನಮ್ಮ ಸೀಮೆಯನ್ನೂ ಬಿಡಲಿಲ್ಲ. ಆಮೇಲೆ 1876–78ರ ಮಹಾಕ್ಷಾಮ. ಬರದ ನಾಡಿಗೆ ಕಾಳು ಮುಟ್ಟಿಸಬೇಕು ಅನ್ನೋ ಲೆಕ್ಕದಲ್ಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಗದಗಿಗೆ ರೈಲು ಬಂತು. ಅದೇ 1870ರ ದಶಕದಲ್ಲಿ ಒಣನೆಲಕ್ಕೆ ಉರುವಲಾದೀತು ಅಂತ ಅಮೆರಿಕ ಖಂಡದ ಒಂದು ಜಾಲಿಯನ್ನೂ ತಂದರು. ನಾವು ಬಳ್ಳಾರಿ ಜಾಲಿ ಅನ್ನೋದು ಅದನ್ನೇ. ಈಗ ಕೆರೆ ಅಂಗಳ, ಹಳ್ಳದ ದಂಡೆ ಎಲ್ಲಾ ಅದರದ್ದೇ. ಲಂಟಾನ ಕೂಡ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆ ಬಂದದ್ದು, ಕಾಡು ಹಿಡಿಯಿತು. ಕಾಗದದ ಹೂವು, ಚೆಂಡು ಹೂವು ಎರಡೂ ಅಮೆರಿಕ ಕಡೆಯವೇ, ಆದರೆ ಪಾಪ ಅವು ಯಾರ ತಂಟೆಗೂ ಹೋಗಿಲ್ಲ. ಹೊರಗಿನದೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಬರಕ್ಕೆ ಒಗ್ಗಿದ ಗಿಡ ಮನೆ ಬಾಗಿಲಲ್ಲೇ ಇದ್ದಾಗಲೂ ನಾವು ದೂರ ನೋಡಿದೆವು. ನಾನಂತೂ ನೋಡಿದೆ.

ಕಪ್ಪತಗುಡ್ಡ ನಮಗೆ ದೂರ ಅಲ್ಲ. 2019ರಲ್ಲಿ ವನ್ಯಜೀವಿಧಾಮ ಆಯ್ತು, ಸುಮಾರು 244 ಚದರ ಕಿಲೋಮೀಟರ್. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ಅಲ್ಲಿಂದ ಗಿಡ ಕಿತ್ತು ತರಬೇಡಿ, ಕಾನೂನೂ ಒಪ್ಪಲ್ಲ, ಗಿಡವೂ ಬದುಕಲ್ಲ. ಆವರಿಕೆಯ ತಾಯಿಬೇರು ಆಳಕ್ಕೆ ಹೋಗಿರ್ತದೆ, ಕಿತ್ತರೆ ಮುಗೀತು. ರಸ್ತೆ ಬದಿ ಗಿಡದಿಂದ ಒಣಗಿದ ಕಾಯಿ ತನ್ನಿ. ಬೀಜದ ಸಿಪ್ಪೆ ಬಲು ಗಟ್ಟಿ, ಸ್ಯಾಂಡ್‌ಪೇಪರ್ ಮೇಲೆ ಸ್ವಲ್ಪ ಉಜ್ಜಿ, ಒಂದು ರಾತ್ರಿ ನೆನೆಸಿ. ಮುಂಗಾರು ಶುರುವಾದಾಗ ಗಿಡ ಎಲ್ಲಿರಬೇಕೋ ಅಲ್ಲೇ ಬಿತ್ತಿ. ಬಿಸಿಲು ಬೇಕು, ನೀರು ನಿಲ್ಲಬಾರದು. ಕರಿಮಣ್ಣಾದರೆ ಸ್ವಲ್ಪ ಏರಿಯ ಮೇಲೆ ಬಿತ್ತಿ. ಮೊದಲ ಬೇಸಿಗೆ ಮಾತ್ರ ಆಗಾಗ ಒಂದು ತಂಬಿಗೆ ನೀರು. ಆಮೇಲೆ ಬಿಟ್ಟುಬಿಡಿ. ದನ ಅಷ್ಟಾಗಿ ಬಾಯಿ ಹಾಕಲ್ಲ.

ಒಂದು ಮಜಾ ಸಂಗತಿ: ಇದರ ಹೂವಿನಲ್ಲಿ ಮಕರಂದ ಇಲ್ಲ. ಪರಾಗ ತುದಿಯ ಸಣ್ಣ ತೂತಿನೊಳಗೆ ಇರ್ತದೆ. ದುಂಬಿ ಹೂ ಹಿಡಿದು ಮೈ ನಡುಗಿಸಿದಾಗ ಪರಾಗ ಉದುರ್ತದೆ. ಬೆಳಿಗ್ಗೆ ಹತ್ತಿರ ನಿಂತರೆ ಆ ಗುಂಯ್ ಅನ್ನೋ ಸದ್ದು ಕೇಳಬಹುದು.

ಜೊತೆಗೆ ಏನು ಹಚ್ಚಬಹುದು? ಬೇಲಿಗೆ ಕವಳಿ. ಮಲ್ಲಿಗೆಯಂಥ ವಾಸನೆಯ ಬಿಳಿ ಹೂ, ಮುಳ್ಳು, ಮೇಲೆ ಹಣ್ಣು. ನೀಲಿ ಹೂವಿಗೆ ಲಕ್ಕಿ, ಅದರ ಸೊಪ್ಪನ್ನು ಹಿರಿಯರು ಕಾಳಿನ ಚೀಲದಲ್ಲಿ ಹುಳ ಬರದಂತೆ ಇಡ್ತಿದ್ರು. ಟೊಂಗೆ ನೆಟ್ಟರೂ ಬರ್ತದೆ. ಹಳದಿಗೆ ಮುಳ್ಳುಗೋರಂಟಿ. ಮದರಂಗಿಗೂ ಕೆಲವು ಕಡೆ ಗೋರಂಟಿ ಅಂತಾರೆ, ಕೇಳಿ ತಗೊಳ್ಳಿ. ಎಕ್ಕೆಯನ್ನು ಮಕ್ಕಳಿರೋ ಮನೆಯಲ್ಲಿ ಬೇಡ, ಅದರ ಹಾಲು ಕಣ್ಣಿಗೆ ಕೆಟ್ಟದ್ದು. ಕಣಗಿಲ ಬರ ತಡೀತದೆ, ಆದರೆ ಬೇರಿನಿಂದ ಹೂವಿನ ತನಕ ವಿಷ.

ನಾನು ಹೋದ ವರ್ಷ ಜೂನ್‌ನಲ್ಲಿ ಹನ್ನೊಂದು ಬೀಜ ಬಿತ್ತಿದೆ. ನಾಲ್ಕು ಮೊಳೆತವು. ಒಂದನ್ನು ಪಕ್ಕದ ಮನೆಯ ಆಡು ತುಳೀತು. ಉಳಿದ ಮೂರು ಈಗ ನನ್ನ ಮೊಣಕಾಲಷ್ಟು ಎತ್ತರ, ಹೂ ಇನ್ನೂ ಬಿಟ್ಟಿಲ್ಲ. ಅವ್ವ ಈ ಸಲವೂ ಹಟ್ಟಿ ಹಬ್ಬಕ್ಕೆ ಲಕ್ಷ್ಮೇಶ್ವರದ ರಸ್ತೆ ಬದಿಯಿಂದಲೇ ಹೂ ತಂದಳು. ಬರುವಾಗ ಸೆರಗಿನಲ್ಲಿ ಒಂದು ಹಿಡಿ ಒಣ ಕಾಯಿನೂ ಕಟ್ಟಿಕೊಂಡು ಬಂದಿದ್ದಳು. "ಜೆಸಿಬಿ ಬಂದ್ರ ನನ್ನ ಕೇಳು" ಅಂದು ಒಳಗೆ ಹೋದಳು.