ಮಧುಮೇಹಿಯ ಹೃದಯಧಮನಿ

ದೇಹಕ್ಕೆಲ್ಲ ರಕ್ತವನ್ನೊದಗಿಸುವ ಹೃದಯವು ತನ್ನ ಪೋಷಣೆಗೆ ಕೆಲವೇ ಸಣ್ಣ ಧಮನಿಗಳನ್ನು ನೆಚ್ಚಿಕೊಂಡಿದೆ. ಅವುಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ ಎದೆನೋವು, ಹೃದಯಾಘಾತ. 1960ರ ದಶಕದ ಕೊನೆಯಿಂದ ಇದಕ್ಕೆ ಬೈಪಾಸ್ ಶಸ್ತ್ರಚಿಕಿತ್ಸೆ ರೂಢಿಗೆ ಬಂದಿತು. ಕಾಲಿನ ಇಲ್ಲವೆ ಎದೆಯ ರಕ್ತನಾಳವೊಂದನ್ನು ಜೋಡಿಸಿ, ಅಡಚಣೆಯ ಆಚೆಗೆ ರಕ್ತ ಹರಿಯುವಂತೆ ಮಾಡುವುದೇ ಆ ಚಿಕಿತ್ಸೆ. ಎದೆಯನ್ನು ಸೀಳದೆ ಈ ಕಾರ್ಯ ಸಾಧ್ಯವೇ? 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಪುಟ್ಟ ಬಲೂನೊಂದನ್ನು ಹೃದಯಧಮನಿಯೊಳಗೆ ಸಾಗಿಸಿ, ಉಬ್ಬಿಸಿ, ದಾರಿಯನ್ನು ತೆರೆದರು.

ಹೊಸ ವಿಧಾನವು ಹಳೆಯದಕ್ಕೆ ಸಮವೇ ಎಂಬುದನ್ನರಿಯಲು ಉತ್ತರ ಅಮೆರಿಕದಲ್ಲಿ 1988ರಲ್ಲಿ ‘ಬ್ಯಾರಿ’ ಎಂಬ ಅಧ್ಯಯನ ಆರಂಭವಾಯಿತು. ಒಂದಕ್ಕಿಂತ ಹೆಚ್ಚು ಧಮನಿಗಳು ಕಿರಿದಾಗಿದ್ದ 1,829 ರೋಗಿಗಳನ್ನು, ಚೀಟಿ ಎತ್ತಿದ ರೀತಿಯಲ್ಲಿ, ಎರಡು ಪಂಗಡ ಮಾಡಲಾಯಿತು. ಐದು ವರ್ಷಗಳ ತರುವಾಯ ಬದುಕುಳಿದವರ ಪ್ರಮಾಣ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಲೆಕ್ಕ ಅಲ್ಲಿಗೇ ನಿಂತಿದ್ದರೆ ಸತ್ಯವೊಂದು ಮರೆಯಲ್ಲಿಯೇ ಉಳಿಯುತ್ತಿತ್ತು. ಮಧುಮೇಹಕ್ಕೆ ಔಷಧ ಪಡೆಯುತ್ತಿದ್ದ 353 ಮಂದಿಯನ್ನು ಬೇರೆಯಾಗಿ ಎಣಿಸಿದಾಗ, ಬೈಪಾಸ್ ಆದವರಲ್ಲಿ ನೂರಕ್ಕೆ ಸುಮಾರು 81 ಮಂದಿ ಬದುಕಿದ್ದರು. ಬಲೂನು ಚಿಕಿತ್ಸೆ ಪಡೆದವರಲ್ಲಿ ಸುಮಾರು 66 ಮಂದಿ ಮಾತ್ರ. 1995ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಹೃದಯ ಸಂಸ್ಥೆ ವೈದ್ಯರಿಗೆ ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು.

ಅಷ್ಟರಲ್ಲಿ ತೆರೆದ ದಾರಿ ಕುಸಿಯದಂತೆ ಆಧಾರ ಕೊಡುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಬಂದಿತ್ತು. 1986ರಲ್ಲಿ ಫ್ರಾನ್ಸಿನ ಟೂಲೂಸ್ ನಗರದಲ್ಲಿ ಅದನ್ನು ಮೊದಲಿಗೆ ಮನುಷ್ಯನ ಹೃದಯಧಮನಿಯಲ್ಲಿ ಕೂರಿಸಿದರು. ಆದರೆ ಕೂರಿಸಿದಲ್ಲಿಯೇ ಅಂಗಾಂಶ ಬೆಳೆದು ದಾರಿ ಮತ್ತೆ ಕಿರಿದಾಗುವುದುಂಟು. ಮಧುಮೇಹಿಗಳಲ್ಲಿ ಇದು ಅಧಿಕ. ಈ ಬೆಳವಣಿಗೆಯನ್ನು ತಡೆಯುವ ಔಷಧ ಲೇಪಿತ ಸ್ಟೆಂಟುಗಳು 2000ದ ದಶಕದಲ್ಲಿ ಬಳಕೆಗೆ ಬಂದಾಗ, ಅಂತರವು ಅಳಿದೀತೆಂಬ ನಿರೀಕ್ಷೆ ಹುಟ್ಟಿತು.

ಉತ್ತರ ದೊರೆತದ್ದು 2012ರಲ್ಲಿ. ‘ಫ್ರೀಡಂ’ ಅಧ್ಯಯನವು ಅನೇಕ ಧಮನಿಗಳು ಕೆಟ್ಟಿದ್ದ 1,900 ಮಧುಮೇಹಿಗಳನ್ನೇ ಆರಿಸಿಕೊಂಡಿತ್ತು. ಐದು ವರ್ಷಗಳಲ್ಲಿ ಮರಣ, ಹೃದಯಾಘಾತ, ಪಾರ್ಶ್ವವಾಯು, ಇವುಗಳಲ್ಲೊಂದಕ್ಕೆ ಈಡಾದವರು ಸ್ಟೆಂಟ್ ಪಂಗಡದಲ್ಲಿ ಶೇಕಡ 26.6, ಬೈಪಾಸ್ ಪಂಗಡದಲ್ಲಿ 18.7. ಬೈಪಾಸಿಗೂ ಅದರದೇ ಬೆಲೆಯುಂಟು: ಪಾರ್ಶ್ವವಾಯು ಅಲ್ಲಿ ಶೇಕಡ 5.2, ಸ್ಟೆಂಟಿನಲ್ಲಿ 2.4.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಧುಮೇಹವು ಧಮನಿಯನ್ನು ಒಂದೆಡೆಯಲ್ಲಿ ಮಾತ್ರವಲ್ಲ, ಉದ್ದಕ್ಕೂ ಕೆಡಿಸುತ್ತದೆ. ಸ್ಟೆಂಟು ಇಂದು ಕಾಣುವ ಅಡಚಣೆಯನ್ನು ನಿವಾರಿಸುತ್ತದೆ. ಬೈಪಾಸು ನಾಳೆ ಆ ಭಾಗದಲ್ಲಿ ಹುಟ್ಟಬಹುದಾದ ಅಡಚಣೆಯನ್ನೂ ಬಳಸಿ ಸಾಗುತ್ತದೆ.

ಹೃದಯಾಘಾತದ ತುರ್ತು ಗಳಿಗೆಯಲ್ಲಿ ಸ್ಟೆಂಟು ಮಧುಮೇಹಿಗೂ ಪ್ರಾಣರಕ್ಷಕವೇ. ಮೇಲಿನ ಲೆಕ್ಕ ಅನೇಕ ಧಮನಿಗಳು ಕೆಟ್ಟಿದ್ದು, ವಿಚಾರಿಸಲು ಕಾಲಾವಕಾಶವಿರುವವರದು. ಎರಡು ಚಿಕಿತ್ಸೆಗಳೂ ಸಮವೆಂಬ ಮಾತು ಕಿವಿಗೆ ಬಿದ್ದಾಗ, ಯಾರಿಗೆ ಸಮ ಎಂದು ಅವರು ವೈದ್ಯರನ್ನು ಕೇಳಬೇಕು. ಆ 353 ಮಂದಿಯನ್ನು ಬೇರೆಯಾಗಿ ಎಣಿಸಿದ್ದರಿಂದಲೇ ಈ ಪ್ರಶ್ನೆಗೆ ಇಂದು ಉತ್ತರವಿದೆ.