ಒಂದೇ ಚುನಾವಣೆ, ಇಬ್ಬರು ಲಾರ್ಡ್‌ಗಳು, ಎರಡು ವರದಿ

ಯಾವುದೋ ದೇಶದಲ್ಲಿ ಚುನಾವಣೆ ಮುಗಿದ ಮೇಲೆ "ಅಂತರರಾಷ್ಟ್ರೀಯ ವೀಕ್ಷಕರು ತೃಪ್ತಿ ವ್ಯಕ್ತಪಡಿಸಿದ್ದಾರೆ" ಅನ್ನೋ ಸಾಲನ್ನ ಪೇಪರಲ್ಲಿ ಓದಿರ್ತೀರಿ. ಅವರು ನೋಡಿದ್ದೇನು? ಎಲ್ಲಿಂದ ನೋಡೋಕೆ ಶುರು ಮಾಡಿದ್ರು? ಇದಕ್ಕೆ ರೊಡೇಷಿಯಾಗಿಂತ, ಅಂದ್ರೆ ಇವತ್ತಿನ ಜಿಂಬಾಬ್ವೆಗಿಂತ, ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ. ಅಲ್ಲಿ ಹತ್ತು ತಿಂಗಳ ಅಂತರದಲ್ಲಿ ಎರಡು ಸಂಸತ್ ಚುನಾವಣೆ ನಡೆದ್ವು.

ಮೊದಲನೆಯದು 1979ರ ಏಪ್ರಿಲ್‌ನಲ್ಲಿ. ಕಪ್ಪು ಜನಾಂಗದವರಿಗೆಲ್ಲ ಮತದಾನದ ಹಕ್ಕು ಸಿಕ್ಕಿತ್ತು, ಸರಿ. ಆದ್ರೆ 100 ಸೀಟಲ್ಲಿ 28 ಬಿಳಿಯರಿಗೆ ಮೀಸಲು; ಜನಸಂಖ್ಯೆಯಲ್ಲಿ ಅವರು ಶೇ. 5ರಷ್ಟೂ ಇರ್ಲಿಲ್ಲ. ಗೆರಿಲ್ಲಾ ಯುದ್ಧ ನಡೆಸ್ತಿದ್ದ ಮುಗಾಬೆ ಮತ್ತು ಎನ್ಕೊಮೊ ಪಕ್ಷಗಳಿಗೆ ನಿಷೇಧ. ದೇಶದ ಬಹುಭಾಗದಲ್ಲಿ ಮಾರ್ಷಲ್ ಲಾ. ಬಿಷಪ್ ಮುಜೊರೆವಾ ಪಕ್ಷ 51 ಸೀಟು ಗೆದ್ದಿತು. ಮತದಾನ ಸುಮಾರು ಶೇ. 64 ಅಂತ ಘೋಷಣೆ ಆಯ್ತು. ಶೇ. 64 ಅಂದ್ರೆ ಯಾವುದರ 64? ಮತದಾರರ ಪಟ್ಟಿಯೇ ಇರ್ಲಿಲ್ಲ! ಛೇದದಲ್ಲಿದ್ದದ್ದು ಬರೀ ಅಂದಾಜು. ಡೇಟಾ ಜೊತೆ ಕೆಲಸ ಮಾಡೋ ನನ್ನಂಥವರಿಗೆ ಇಲ್ಲೇ ತಲೆ ಕೆರೆಯುತ್ತೆ.

ಆಗ ಬ್ರಿಟನ್ನಿನಲ್ಲಿ ವಿರೋಧ ಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಕಳಿಸಿದ ಲಾರ್ಡ್ ಬಾಯ್ಡ್, ಇದ್ದ ಪರಿಸ್ಥಿತಿಯಲ್ಲಿ ಚುನಾವಣೆ ನ್ಯಾಯವಾಗೇ ನಡೀತು ಅಂತ ವರದಿ ಕೊಟ್ರು. ಅದೇ ಚುನಾವಣೆ ನೋಡಿದ ಇನ್ನೊಬ್ಬರು ಲಿಬರಲ್ ಪಕ್ಷದ ಲಾರ್ಡ್ ಪ್ರತಾಪ್ ಚಿಟ್ನಿಸ್. ಹೆಸರು ಕೇಳಿ ಪುಣೆಯವರ ಕಿವಿ ನೆಟ್ಟಗಾಗಿರಬೇಕು. ಹೌದು, ಭಾರತ ಮೂಲದವರೇ. ಇಡೀ ವ್ಯವಹಾರವೇ ಮೋಸ ಅಂತ ಅವರು ಬರೆದ್ರು. ಬಾಯ್ಡ್ ಬೂತಿನ ಒಳಗಿನ ಶಿಸ್ತು ನೋಡಿದ್ರು. ಚಿಟ್ನಿಸ್ ಕೇಳಿದ್ದು, ಈ ಜನರನ್ನ ಬೂತಿಗೆ ಕರೆತಂದವರು ಯಾರು, ಸೇನೆಯ ಒತ್ತಡವೋ, ಧಣಿಗಳದ್ದೋ ಅಂತ.

ಮುಜೊರೆವಾ ಸರ್ಕಾರಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಗ್ಲೇ ಇಲ್ಲ. ಡಿಸೆಂಬರ್‌ನಲ್ಲಿ ಲ್ಯಾಂಕಾಸ್ಟರ್ ಹೌಸ್ ಒಪ್ಪಂದ ಆಗಿ, ಬ್ರಿಟಿಷ್ ಗವರ್ನರ್ ಲಾರ್ಡ್ ಸೋಮ್ಸ್ ಕೆಳಗೆ 1980ರ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ. ಈ ಸಲ ನಿಷೇಧ ಇಲ್ಲ. ಪಟ್ಟಿ ಈಗ್ಲೂ ಇಲ್ಲ. ಬೆರಳಿಗೆ ಕಣ್ಣಿಗೆ ಕಾಣದ ದ್ರಾವಣ ಹಚ್ಚಿ, ದೀಪದ ಕೆಳಗೆ ಹಿಡಿದು ನೋಡ್ತಿದ್ರು.

ಕಾಮನ್‌ವೆಲ್ತ್ ವೀಕ್ಷಕರ ತಂಡದ ಅಧ್ಯಕ್ಷರು ನಮ್ಮ ರಾಜೇಶ್ವರ್ ದಯಾಳ್, ಹಿಂದೆ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಆಗಿದ್ದವರು. ಬೆದರಿಕೆ ಈ ಸಲವೂ ಜೋರಾಗಿತ್ತು, ಮುಗಾಬೆ ಕಡೆಯವರಿಂದಲೂ. ಬೆದರಿಕೆ ಇದ್ದ ಕಡೆ ಮತದಾನ ರದ್ದು ಮಾಡೋ ಅಧಿಕಾರ ಸೋಮ್ಸ್ ಕೈಲಿತ್ತು. ಬಳಸ್ಲಿಲ್ಲ. ದಯಾಳ್ ತಂಡ ಅದನ್ನೆಲ್ಲ ತೂಗಿ, ಚುನಾವಣೆ ಒಪ್ಪತಕ್ಕದ್ದೇ ಅಂತ ಹೇಳಿತು. ಹೇಳಿದ್ದು ಫಲಿತಾಂಶ ಹೊರಬೀಳೋಕೆ ಮುಂಚೆ. ಯಾರು ಗೆದ್ರು ಅಂತ ಗೊತ್ತಾದ ಮೇಲೆ ಬರೆದ ವರದಿಗೆ ನಾನಂತೂ ಇಷ್ಟು ಬೆಲೆ ಕೊಡ್ತಿರ್ಲಿಲ್ಲ.

ಮಾರ್ಚ್ 4ಕ್ಕೆ ಫಲಿತಾಂಶ. ಕಪ್ಪು ಜನರ 80 ಸೀಟಲ್ಲಿ ಮುಗಾಬೆಗೆ 57, ಎನ್ಕೊಮೊಗೆ 20. ಹತ್ತು ತಿಂಗಳ ಹಿಂದೆ 51 ಗೆದ್ದಿದ್ದ ಮುಜೊರೆವಾಗೆ 3.

ಇನ್ನು ವೀಕ್ಷಣೆ ಎಲ್ಲಿಗೆ ನಿಲ್ಲುತ್ತೆ ಅನ್ನೋದು. 1983ರಿಂದ ಮುಗಾಬೆ ಸರ್ಕಾರದ ಸೇನೆ ಎನ್ಕೊಮೊ ಬೆಂಬಲಿಗರ ಮಟಬೆಲೆಲ್ಯಾಂಡ್‌ನಲ್ಲಿ ಸಾವಿರಾರು ಜನರನ್ನ ಕೊಂದಿತು. ಅಷ್ಟೊತ್ತಿಗೆ ವೀಕ್ಷಕರು ಊರಿಗೆ ಹೋಗಿ ಮೂರು ವರ್ಷ ಆಗಿತ್ತು.